ರೋಗಗ್ರಸ್ತ ಗಿರಣಿ, ಬೆಲೆಬಾಳುವ ನೆಲ

ಸಾಲ ತೀರಿಸಲಾಗದೆ ಕೈಚೆಲ್ಲಿದವನನ್ನು ನಮ್ಮ ಊರುಗಳಲ್ಲಿ ‘ಪಾಪರ್ ಆದ’ ಎನ್ನುತ್ತಾರೆ. ಆ ಮಾತಿನಲ್ಲಿ ಅವಮಾನವಿದೆ, ಕಥೆ ಮುಗಿಯಿತೆಂಬ ಅರ್ಥವೂ ಇದೆ. ಕಂಪನಿಯ ದಿವಾಳಿತನ ಹಾಗಲ್ಲ. ಉಳಿದಿರುವುದರಲ್ಲಿ ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಮುಂಬಯಿಯ ಹತ್ತಿ ಗಿರಣಿಗಳ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ.

1854ರಲ್ಲಿ ಕಾವಸ್‌ಜಿ ದಾವರ್ ಕಟ್ಟಿದ ಕಂಪನಿಯಿಂದ ಇಲ್ಲಿ ಗಿರಣಿಗಳ ಕಾಲ ಆರಂಭವಾಯಿತು. ಪರೇಲ್, ಲಾಲ್‌ಬಾಗ್ ಸುತ್ತಮುತ್ತಲ ಪ್ರದೇಶಕ್ಕೆ ‘ಗಿರಣಗಾಂವ್’ ಎಂಬ ಹೆಸರೇ ಬಂತು. ಸ್ವಾತಂತ್ರ್ಯದ ನಂತರ ಯಂತ್ರಗಳು ಹಳತಾದವು. ಭಿವಂಡಿಯಂಥ ಊರುಗಳ ಪವರ್‌ಲೂಮ್‌ಗಳು ಕಡಿಮೆ ಖರ್ಚಿನಲ್ಲಿ ನೇಯತೊಡಗಿದವು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳನ್ನು ಮುಷ್ಕರವೇ ಕೊಂದಿತು ಎನ್ನುವವರಿದ್ದಾರೆ. ಆದರೆ 1974ರಲ್ಲೇ ಸರ್ಕಾರ ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿತ್ತು. ಕಾಯಿಲೆ ಹಳೆಯದು, ಮುಷ್ಕರ ಅದನ್ನು ಉಲ್ಬಣಗೊಳಿಸಿತು.

‘ರೋಗಗ್ರಸ್ತ’ ಎಂಬುದು ಮುಂದೆ ಇತರ ಕೈಗಾರಿಕೆಗಳಿಗೂ ಅನ್ವಯಿಸುವ ಕಾನೂನಿನ ಪದವಾಯಿತು. 1985ರ ಕಾಯ್ದೆಯ ಪ್ರಕಾರ, ಕೂಡಿಬಂದ ನಷ್ಟ ಕಂಪನಿಯ ನಿವ್ವಳ ಮೌಲ್ಯವನ್ನೆಲ್ಲ ನುಂಗಿದರೆ ಅದು ಬಿಐಎಫ್‌ಆರ್ ಎಂಬ ಮಂಡಳಿಯ ಮುಂದೆ ಹೋಗಬೇಕಿತ್ತು. ವಿಚಾರಣೆ ಮುಗಿಯುವವರೆಗೆ ಸಾಲ ಕೊಟ್ಟವರು ಮಂಡಳಿಯ ಒಪ್ಪಿಗೆಯಿಲ್ಲದೆ ಆಸ್ತಿ ಜಪ್ತಿ ಮಾಡುವಂತಿರಲಿಲ್ಲ. ಚೇತರಿಸಿಕೊಳ್ಳಲೆಂದು ಕೊಟ್ಟ ಈ ಬಿಡುವು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಮಗ್ಗಗಳು ತುಕ್ಕು ಹಿಡಿದವು, ಅವು ನಿಂತಿದ್ದ ನೆಲದ ಬೆಲೆ ಏರುತ್ತಲೇ ಹೋಯಿತು. ಬಟ್ಟೆಯಲ್ಲಿ ಲಾಭವಿಲ್ಲದ ಮಾಲೀಕನಿಗೆ ಕಾಯುವುದರಲ್ಲಿ ಲಾಭವಿತ್ತು.

1991ರ ನಿಯಮವೊಂದು ಗಿರಣಿ ಜಮೀನಿನ ಮರುಬಳಕೆಗೆ ದಾರಿ ತೆರೆಯಿತು. ಸ್ಥೂಲವಾಗಿ ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಜನರ ವಸತಿಗೆ, ಒಂದು ಪಾಲು ಮಾಲೀಕರಿಗೆ ಎಂಬುದು ಅದರ ಲೆಕ್ಕ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. ಸಾರ್ವಜನಿಕರ ಪಾಲು ಕುಗ್ಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂದು ನಮ್ಮಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಹೋಗುವ ಲೋವರ್ ಪರೇಲ್‌ನ ಕಚೇರಿಗಳೂ ಫೀನಿಕ್ಸ್ ಮಾಲ್ ಕೂಡ ನಿಂತಿರುವುದು ಗಿರಣಿಗಳ ನೆಲದ ಮೇಲೆ.

ಕಾರ್ಮಿಕನಿಗೆ ಕಾಗದದ ಮೇಲೆ ಸ್ಥಾನ ಇರಲಿಲ್ಲವೆಂದಲ್ಲ. ಕಂಪನಿ ಮುಚ್ಚಿದಾಗ ಅವನ ಬಾಕಿ ಬ್ಯಾಂಕಿನ ಅಡಮಾನ ಸಾಲಕ್ಕೆ ಸರಿಸಮ ಎಂದು 1985ರ ಕಂಪನಿ ಕಾಯ್ದೆ ತಿದ್ದುಪಡಿಯೇ ಹೇಳಿತ್ತು. ಆದರೆ ಕಂಪನಿ ಕಾನೂನುಬದ್ಧವಾಗಿ ಮುಚ್ಚುವವರೆಗೆ ಆ ಸ್ಥಾನಕ್ಕೆ ಬೆಲೆಯಿಲ್ಲ. ಮಾಲೀಕ ಕಾಯಬಲ್ಲ, ಬ್ಯಾಂಕೂ ಕಾಯಬಲ್ಲದು. ಚಾಳಿನ ಬಾಡಿಗೆ, ಮಕ್ಕಳ ಫೀಸು ಕಾಯುವುದಿಲ್ಲ.

2016ರ ದಿವಾಳಿ ಸಂಹಿತೆ ಹಿಡಿದದ್ದು ಈ ಕಾಲದ ಗಂಟನ್ನೇ. ಮೊದಲು 180 ದಿನಗಳ ಗಡುವು. 2019ರ ತಿದ್ದುಪಡಿಯ ನಂತರ, ಕೋರ್ಟಿನ ಅವಧಿಯೂ ಸೇರಿ 330 ದಿನಗಳ ಮಿತಿ. ಕಂಪನಿ ಸಮಾಪನೆಯಾದರೆ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನದ ಸಾಲದಷ್ಟೇ ಆದ್ಯತೆ. ಆದರೂ ಪ್ರಕರಣಗಳು ಈ ಗಡುವನ್ನು ಮೀರುತ್ತಲೇ ಇವೆ. ಇಳಿಗಾಲದ ಉದ್ಯಮವನ್ನು ಯಾವ ಕಾನೂನೂ ಬದುಕಿಸಲಾರದು. ಅದು ಮುಳುಗುವಾಗ ದುಡಿದವನ ಕೂಲಿ ಅವನು ಬದುಕಿರುವಾಗಲೇ ಅವನ ಕೈ ಸೇರುವಂತೆ ಮಾಡುವುದು ಕಾನೂನಿನಿಂದ ಸಾಧ್ಯ. ಗಿರಣಗಾಂವ್‌ನಲ್ಲಿ ಆಗದೆ ಹೋದದ್ದು ಅದು.