ಗುಡಿಯಲ್ಲಿ ಬಿಡಾರ, ಗುಮ್ಮಟದಲ್ಲಿ ಸಂಸಾರ

ರಜೆಯಲ್ಲಿ ಊರು ಬಿಟ್ಟು ಹೊರಡುವವರಿಗೆ ಈಗ ಬರೀ ಲಾಡ್ಜಿನ ಕೋಣೆ ಸಾಲುತ್ತಿಲ್ಲ. ಮರದ ಮೇಲಿನ ಮನೆ ಬೇಕು, ಗುಹೆಯೊಳಗಿನ ಹಾಸಿಗೆ ಬೇಕು, ಇಲ್ಲವೇ ಹಳೆಯ ಅರಮನೆಯ ಅಂತಃಪುರವೇ ಆಗಬೇಕು. ತುರ್ಕಿಯ ಕಪಡೋಸಿಯಾದಲ್ಲಿ ಬಂಡೆ ಕೊರೆದು ಮಾಡಿದ ಮನೆಗಳು ಹೋಟೆಲುಗಳಾಗಿವೆ. ಸ್ವೀಡನ್ನಿನಲ್ಲಿ ಚಳಿಗಾಲ ಬಂದರೆ ಮಂಜುಗಡ್ಡೆಯಿಂದಲೇ ಹೋಟೆಲು ಕಟ್ಟುತ್ತಾರೆ. ಸ್ಪೇನ್ ಸರ್ಕಾರ 1928ರಲ್ಲಿ ಆರಂಭಿಸಿದ ‘ಪರದೋರ್’ ಸರಣಿಯಲ್ಲಿ ಹಳೆಯ ಕೋಟೆಗಳೂ ಕ್ರೈಸ್ತ ಮಠಗಳೂ ವಸತಿಗೃಹಗಳಾಗಿ ಬದಲಾಗಿವೆ. ಇಂಥ ಕಡೆ ಒಂದು ರಾತ್ರಿ ಮಲಗೆದ್ದು ಬಂದವರು ವರ್ಷವಿಡೀ ಅದರ ವರ್ಣನೆ ಮಾಡುತ್ತಾರೆ.

ಅದನ್ನು ಕೇಳಿ ಬೆರಗಾಗುವ ಕಲಬುರಗಿಯವರು ಒಮ್ಮೆ ತಮ್ಮ ಸುತ್ತಮುತ್ತ ಕಣ್ಣಾಡಿಸಬೇಕು. ಗೋರಿಯ ಗುಮ್ಮಟ, ಮಸೀದಿ, ಶಿವಾಲಯ, ರಾಜರ ಅತಿಥಿಗೃಹ, ಕೋಟೆಯ ಒಳಗು, ಇವುಗಳಲ್ಲೆಲ್ಲ ಜನ ತಂಗಿದ, ಸಂಸಾರ ಹೂಡಿದ ಇತಿಹಾಸ ಈ ಸೀಮೆಗಿದೆ. ವ್ಯತ್ಯಾಸ ಇಷ್ಟೇ: ಅವರಾರೂ ಮೋಜಿಗಾಗಿ ಹಾಗೆ ಮಾಡಿದವರಲ್ಲ.

ನಮ್ಮ ಭಾಷೆಯಲ್ಲಿ ‘ಮಜಲು’ ಎಂಬ ಪದವಿದೆ. ಒಂದು ದಿನದ ನಡಿಗೆಗೆ ಒಂದು ಮಜಲು. ಅರಬ್ಬಿಯ ‘ಮಂಜಿಲ್’ ಕನ್ನಡಕ್ಕೆ ಬಂದು ಮಜಲಾಯಿತು. ದಾರಿಹೋಕ ಗಂಟು ಇಳಿಸಿ ತಂಗುವ ಜಾಗ ಎಂಬುದು ಅದರ ಮೂಲಾರ್ಥ. ಎತ್ತಿನ ಗಾಡಿಯಾದರೆ ದಿನಕ್ಕೆ 20–25 ಕಿ.ಮೀ. ಸಾಗಿದರೆ ಹೆಚ್ಚು. ಕಲಬುರಗಿಯಿಂದ ಬೀದರಿಗೆ ಸುಮಾರು 110 ಕಿ.ಮೀ.; ಅಂದರೆ ನಾಲ್ಕೈದು ಮಜಲಿನ ದಾರಿ. ಕಮಲಾಪುರ ಈ ದಾರಿಯಲ್ಲಿದೆ, ಕಲಬುರಗಿಯಿಂದ ಸುಮಾರು 35 ಕಿ.ಮೀ. ದೂರದಲ್ಲಿ.

ಸಾಮಾನ್ಯ ದಾರಿಯಲ್ಲ ಇದು. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು 1420ರ ದಶಕದಲ್ಲಿ, ಅಹಮದ್ ಶಹಾನ ಕಾಲಕ್ಕೆ, ಬೀದರಿಗೆ ಹೋದರು. ಒಂದು ಇಡೀ ದರ್ಬಾರು, ಅದರ ದಫ್ತರ, ದಂಡು, ಕುಶಲಕರ್ಮಿಗಳು ಈ ದಿಕ್ಕಿಗೆ ಸಾಗಿ ಹೋಗಿದ್ದಾರೆ. ಕಮಲಾಪುರ ಸೀಮೆಯ ಹೊಳಕುಂದಾದಲ್ಲಿ ಹೆದ್ದಾರಿ ಪಕ್ಕದಲ್ಲೇ ಆ ಕಾಲದ ಗುಮ್ಮಟಗಳ ಗುಂಪೊಂದು ನಿಂತಿದೆ. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು ಎಂದಷ್ಟೇ ತಿಳಿದವರಿಗೆ ಈ ಗುಮ್ಮಟಗಳ ಸುದ್ದಿ ಗೊತ್ತಿರುವುದು ಕಡಿಮೆ. ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು, 2017ರಲ್ಲಿ ಬೀದರ್ ರೈಲು ಮಾರ್ಗ ಪೂರ್ಣಗೊಂಡು ಕಮಲಾಪುರದ ಮೇಲೆ ಹಾದು ಹೋಯಿತು. ನಾಲ್ಕೈದು ಮಜಲಿನ ದಾರಿ ಕೆಲವೇ ತಾಸಿನದಾಯಿತು. ನಡುವೆ ತಂಗುವ ಅಗತ್ಯ ಯಾರಿಗೂ ಉಳಿಯಲಿಲ್ಲ.

ಆಗ ಎಲ್ಲಿ ತಂಗಬೇಕೆಂಬುದು ಜೀವದ ಪ್ರಶ್ನೆಯಾಗಿತ್ತು. ಠಕ್ಕರು ಪ್ರಯಾಣಿಕರ ಸ್ನೇಹ ಬೆಳೆಸುತ್ತಿದ್ದುದೇ ತೋಪು, ಸರಾಯಿಗಳಂಥ ಬಿಡಾರಗಳಲ್ಲಿ. ಕಲಬುರಗಿಯ ಪಶ್ಚಿಮಕ್ಕೆ ಒಂಟಿಯಾಗಿ ನಿಂತಿರುವ ‘ಚೋರ ಗುಮ್ಮಟ’ವನ್ನು ನೋಡಿ. 15ನೆಯ ಶತಮಾನದ ಆರಂಭದ ಭವ್ಯ ಗೋರಿ ಕಟ್ಟಡವದು. ಕಟ್ಟಿಸಿದವರ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ, ಕಳ್ಳರು ಅಡಗುತ್ತಿದ್ದರೆಂಬ ಮಾತು ಉಳಿಯಿತು.

ಗೋರಿಗಳೇ ಏಕೆ ಬಿಡಾರಗಳಾದವು ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಸುಲ್ತಾನರು ಬದುಕಿದ್ದಾಗ ವಾಸಿಸಿದ ಅರಮನೆಗಳು ಕಲಬುರಗಿಯಲ್ಲಿ ಬಹುಮಟ್ಟಿಗೆ ಹೇಳಹೆಸರಿಲ್ಲದಂತಾಗಿವೆ. ಸತ್ತ ಮೇಲಿನ ವಾಸಕ್ಕೆಂದು ಕಟ್ಟಿಸಿಕೊಂಡವು ಮಾತ್ರ ಗಟ್ಟಿಮುಟ್ಟಾಗಿ ನಿಂತಿವೆ. ಹಫ್ತ್ ಗುಂಬಜಿನೊಳಗೆ ಏಪ್ರಿಲ್ ಮಧ್ಯಾಹ್ನ ಕಾಲಿಟ್ಟವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಗಚ್ಚಿನ ದಪ್ಪ ಗೋಡೆ, ಎತ್ತರದ ಗುಮ್ಮಟ, ಕಿರಿದಾದ ಕಿಂಡಿಗಳು. ಹೊರಗೆ ಬಿಸಿಲು 42 ಡಿಗ್ರಿ ಇದ್ದರೂ ಒಳಗೆ ಜೀವ ತಣ್ಣಗಾಗುತ್ತದೆ.

ಬ್ರಿಟಿಷ್ ಅಧಿಕಾರಿಗಳಿಗೂ ಈ ಗುಟ್ಟು ತಿಳಿದಿತ್ತು. ಅದು ಚೆನ್ನಾಗಿ ಕಾಣುವುದು ನೆರೆಯ ವಿಜಯಪುರದಲ್ಲಿ. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಅಲ್ಲಿಗೆ ತಂದಾಗ ಕಚೇರಿ, ಮನೆಗಳಿಗೆ ಹೊಸ ಕಟ್ಟಡ ಹುಡುಕುವ ಗೋಜಿಗೆ ಸರ್ಕಾರ ಹೋಗಲಿಲ್ಲ. ಆದಿಲ್‌ಶಾಹಿ ಕಟ್ಟಡಗಳು ಇದ್ದವಲ್ಲ! ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು. ಜೋಡ ಗುಮ್ಮಟಗಳಲ್ಲೊಂದು ಎಂಜಿನಿಯರರ ವಾಸದ ಮನೆಯಾಗಿತ್ತು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಗೋಳಗುಮ್ಮಟದ ಪಕ್ಕದ ಮಸೀದಿಯಲ್ಲಿ ಡಾಕ್ ಬಂಗಲೆ. ಜಗತ್ತಿನ ಅತಿ ದೊಡ್ಡ ಗುಮ್ಮಟಗಳಲ್ಲೊಂದರ ಮಗ್ಗುಲಲ್ಲಿ, ಪ್ರಾರ್ಥನೆಯ ಕಮಾನಿನ ಕೆಳಗೆ ಮಂಚ ಹಾಕಿಸಿಕೊಂಡು ಸಾಹೇಬರು ನಿದ್ದೆ ಮಾಡಿದರು. ಇದನ್ನು ಸಹಿಸದೆ ತೆರವು ಮಾಡಿಸಿದವನು ಇನ್ನೊಬ್ಬ ಸಾಹೇಬ, ವೈಸರಾಯ್ ಲಾರ್ಡ್ ಕರ್ಜನ್. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಬಂದದ್ದೂ ಅವನ ಕಾಲದಲ್ಲಿಯೇ.

ಇಲ್ಲಿ ಇನ್ನೊಂದು ಕಮಲಾಪುರದ ಮಾತು ಬರುತ್ತದೆ. ಹಂಪಿಯ ಬಳಿಯ ಕಮಲಾಪುರ. ಕೆಂಪು ಬಾಳೆಯ ಊರಿಗೂ ಅದಕ್ಕೂ ಹೆಸರಿನದಷ್ಟೇ ನಂಟು. ಹಾಳು ಹಂಪಿ ನೋಡಲು ಬಂದವರು ಇಳಿದುಕೊಳ್ಳುತ್ತಿದ್ದ ಸರ್ಕಾರಿ ಬಂಗಲೆ ಮೂಲತಃ ಒಂದು ಶಿವಾಲಯ. ವಿಜಯನಗರದ ಕಂಬಗಳ ನಡುವೆ ಗೋಡೆ ಎಬ್ಬಿಸಿ, ಬಾಗಿಲು ಕಿಟಕಿ ಕೂರಿಸಿ ಅದನ್ನು ಬಂಗಲೆ ಮಾಡಿದ್ದರು. ಗುಡಿಗಳ ಅಧ್ಯಯನಕ್ಕೆ ಬಂದ ವಿದ್ವಾಂಸರೂ ರಾತ್ರಿ ಗುಡಿಯಲ್ಲೇ ಮಲಗಿದಂತಾಯಿತು. ಮಸೀದಿಯಾಗಲಿ ಗುಡಿಯಾಗಲಿ, ಬಿಡಾರದ ವಿಷಯದಲ್ಲಿ ಕುಂಪಣಿ ಸರ್ಕಾರದ ಉತ್ತರಾಧಿಕಾರಿಗಳು ಭೇದಭಾವ ಮಾಡಲಿಲ್ಲವೆನ್ನಬೇಕು.

ಹಳೆಯದನ್ನು ಆಕ್ರಮಿಸದೆ ಹೊಸದಾಗಿ ಕಟ್ಟಿಸಿಕೊಂಡವರೂ ಇದ್ದರು. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರದ ಗುಡ್ಡದ ಮೇಲೆ ಮನೆ ಕಟ್ಟಿಸಿದ. ಠಕ್ಕರ ಮೇಲೆ 1839ರಲ್ಲಿ ಕಾದಂಬರಿ ಬರೆದು ಹೆಸರಾದವನು ಇವನೇ. ಸುರಪುರದ ಬಾಲರಾಜ ವೆಂಕಟಪ್ಪನಾಯಕ ಇವನನ್ನು ‘ಅಪ್ಪಾ’ ಎನ್ನುತ್ತಿದ್ದ. 1853ರಲ್ಲಿ ಟೇಲರ್ ಊರು ಬಿಟ್ಟ, 1858ರಲ್ಲಿ ರಾಜ ದುರಂತ ಸಾವಿಗೀಡಾದ. ಗುಡ್ಡದ ಮೇಲಿನ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಸರ್ಕಾರಿ ಪ್ರವಾಸಿ ಮಂದಿರವಾಯಿತು. ಮಜಲು ಎಂಬ ಪದ ತನ್ನ ತವರು ರೂಪದಲ್ಲೇ ಅಲ್ಲಿ ಕೂತಿದೆ.

ಕಲಬುರಗಿ ನಗರದೊಳಗೆ ಇದಕ್ಕೆ ಜೊತೆಯಾಗುವುದು ಐವಾನ್-ಎ-ಶಾಹಿ. ಹೈದರಾಬಾದಿನ ನಿಜಾಮರು ಕಲಬುರಗಿಗೆ ಬಂದರೆ ಇಳಿಯಲೆಂದು ಕಟ್ಟಿಸಿದ ಅತಿಥಿಗೃಹ. 1874ರಲ್ಲಿ ಹೈದರಾಬಾದಿನ ಕಡೆಯಿಂದ ವಾಡಿಗೆ ರೈಲು ಬಂದ ಮೇಲೆ ನಿಜಾಮರ ಸವಾರಿಗೆ ಕಲಬುರಗಿ ಹತ್ತಿರವಾಗಿತ್ತು. ಅವರ ಖಾಸಗಿ ರೈಲು ಈ ಕಟ್ಟಡದ ಬಳಿಯವರೆಗೂ ಬರುತ್ತಿತ್ತೆಂದು ನಗರದ ಹಿರಿಯರು ಹೇಳುವುದುಂಟು. ನಿಲ್ದಾಣ ದೂರವಿಲ್ಲದ್ದರಿಂದ ತೀರ ಅಸಂಭವದ ಮಾತೇನಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, ಕಟ್ಟಡ ಸರ್ಕಾರಿ ಅತಿಥಿಗೃಹವಾಗಿ ಮುಂದುವರಿಯಿತು. ನಿಜಾಮರಿಂದ ಬಿಡುಗಡೆ ಪಡೆದ ನಾಡಿನ ಮಂತ್ರಿಗಳು ನಿಜಾಮರ ಬಿಡಾರದಲ್ಲೇ ಇಳಿದುಕೊಂಡಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬಳಕೆಯಲ್ಲಿರುವ ಕಟ್ಟಡದ ಸೂರು ಸೋರಿದರೆ ಮರುದಿನವೇ ಗೌಂಡಿ ಬರುತ್ತಾನೆ.

ಸಾಮಾನ್ಯ ಜನರ ತಂಗುದಾಣಗಳ ಕತೆ ಬೇರೆ. ಅದನ್ನು ನೋಡಿಕೊಂಡದ್ದು ದರ್ಗಾ ಮತ್ತು ಗುಡಿ. ಖ್ವಾಜಾ ಬಂದೇ ನವಾಜರ ದರ್ಗಾದ ಬಳಿಯ ಸರಾಯಿ, ಮಸೀದಿ, ಮದರಸಾಗಳನ್ನು 1687ರಲ್ಲಿ ಔರಂಗಜೇಬ ಕಟ್ಟಿಸಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಉರುಸಿಗೆ ಬಂದವರು ಇಂದಿಗೂ ಕಮಾನುಗಳ ಕೆಳಗೆ ಜಮಖಾನೆ ಹಾಸಿ ಮಲಗುತ್ತಾರೆ. ಶರಣಬಸವೇಶ್ವರರ ಜಾತ್ರೆಗೆ ಬಂದವರಿಗೆ ದಾಸೋಹದ ಊಟ, ಗುಡಿಯ ಅಂಗಳದ ನಿದ್ದೆ. ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ, ಶರಣರು 1822ರಲ್ಲಿ. ನಾನೂರು ವರ್ಷದ ಅಂತರದ ಇಬ್ಬರ ಬಾಗಿಲಲ್ಲೂ ಬಂದವರ ಜಾತಿ ಕೇಳದೆ ಜಾಗ ಕೊಡುವ ರೂಢಿಯಿದೆ, ಬಾಡಿಗೆಯ ಮಾತೂ ಇಲ್ಲ.

ಇನ್ನುಳಿದದ್ದು ಕೋಟೆ. ರಫಿ ಎಂಬ ಶಿಲ್ಪಿ 1367ರಲ್ಲಿ ಕಟ್ಟಿದ, ಅಂಗಳವೇ ಇಲ್ಲದೆ ಪೂರ್ತಿ ಸೂರು ಹೊದ್ದ ಜಾಮಿ ಮಸೀದಿಯನ್ನು ನೋಡಲು ಬರುವ ಪ್ರವಾಸಿಗರ ಕಣ್ಣಿಗೆ ಕೋಟೆಯೊಳಗಿನ ಮನೆಗಳೂ ಬೀಳುತ್ತವೆ. ಹಲವು ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ಸಂಸಾರ ಮಾಡಿಕೊಂಡಿವೆ. ಕಾನೂನಿನ ಕಣ್ಣಲ್ಲಿ ಇದು ಒತ್ತುವರಿ. 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ.

ಕೋಟೆ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಗೋಡೆಗೆ ಗೂಟ ಹೊಡೆದು, ಕಲ್ಲು ಕಿತ್ತು ಒಲೆ ಹೂಡಿದರೆ 600 ವರ್ಷದ ಕಟ್ಟಡ ತಾಳದು. ಆದರೆ ಮಸೀದಿಯಲ್ಲಿ ಡಾಕ್ ಬಂಗಲೆ, ಶಿವಾಲಯದಲ್ಲಿ ಸಾಹೇಬರ ಹಾಸಿಗೆ ಇಟ್ಟದ್ದು ಸರ್ಕಾರವೇ. ಅದನ್ನು ಯಾರೂ ಒತ್ತುವರಿ ಎನ್ನಲಿಲ್ಲ. ಕಡತದಲ್ಲಿ ‘ಸದುಪಯೋಗ’ ಎಂದಾಗಿರಬೇಕು. ಕರ್ಜನ್ ಎಬ್ಬಿಸಿದ ಅಧಿಕಾರಿಗಳಿಗೆ ಬೀದಿಗೆ ಬೀಳುವ ಭಯವಿರಲಿಲ್ಲ. ಕೋಟೆಯವರಿಗೆ ಆ ಭಯವಿದೆ. ಮೊದಲು ಮನೆ, ಆಮೇಲೆ ತೆರವು ಎಂಬ ಕ್ರಮದಲ್ಲಿ ಕೆಲಸ ನಡೆದರೆ ಕೋಟೆಯ ಕಲ್ಲಿಗೂ ಒಳಗಿನ ಜನರಿಗೂ ಒಳ್ಳೆಯದು. ಸದ್ಯಕ್ಕೆ, ಸಂಜೆ ಪ್ರವಾಸಿಗರು ಹೊರಟ ಮೇಲೆ ಕೋಟೆಯೊಳಗಿನ ಮನೆಗಳಲ್ಲಿ ದೀಪ ಹತ್ತುತ್ತದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ.