ಕಡ್ಡಿಯಿಂದ ಸೂತ್ರಕ್ಕೆ

ಕೊಪ್ಪಳ ಜಿಲ್ಲೆಯ ಮೋರನಾಳ ತೊಗಲುಗೊಂಬೆಯಾಟದಿಂದ ಹೆಸರಾದ ಊರು. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ 96 ವರ್ಷ. ಎಪ್ಪತ್ತು ವರ್ಷಕ್ಕೂ ಮೀರಿ ಅವರು ರಾಮಾಯಣ, ಮಹಾಭಾರತಗಳನ್ನು ಬಿಳಿ ಪರದೆಯ ಮೇಲೆ ಆಡಿಸಿದವರು. ಹದ ಮಾಡಿದ ತೊಗಲು, ಬಣ್ಣ, ಹಿಂದೊಂದು ದೀಪ, ಹಿಡಿಯಲು ಸೀಳಿದ ಬಿದಿರು ಕಡ್ಡಿ. ಬೇಕಾದದ್ದು ಇಷ್ಟೇ.

ಉಳಿದದ್ದೆಲ್ಲ ಮಣಿಕಟ್ಟಿನ ಕೆಲಸ. ಹನುಮಂತನನ್ನು ಒಂದೇ ವೇಗದಲ್ಲಿ ಎಳೆದರೆ ಆತ ಬರೀ ತೊಗಲಿನ ತುಂಡು. ನಿಧಾನ ಹೊರಟು, ನಡುವೆ ವೇಗ ಹಿಡಿದು, ಇಳಿಯುವಾಗ ತಡೆದರೆ ಮೈಗೆ ಭಾರ ಬರುತ್ತದೆ, ಜೀವ ಬರುತ್ತದೆ.

ಡಿಸ್ನಿಯ ಕಲಾವಿದರು ಇದೇ ಗುಟ್ಟನ್ನು ಪೆನ್ಸಿಲ್ಲಿನಲ್ಲಿ ಕಂಡುಕೊಂಡರು. ಚಲನೆಯ ಎರಡೂ ತುದಿಯಲ್ಲಿ ಚಿತ್ರಗಳನ್ನು ಒತ್ತೊತ್ತಾಗಿ, ನಡುವೆ ವಿರಳವಾಗಿ ಬಿಡಿಸಿದರು. ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದ 12 ತತ್ವಗಳಲ್ಲಿ ಇದೂ ಒಂದು.

ವೆಬ್ಬಿಗೆ ಮಣಿಕಟ್ಟಿಲ್ಲ, ಗಣಿತದ ಸೂತ್ರ ಬೇಕಾಯಿತು. ವೆಬ್ ಪುಟದ ಚಲನೆಗೆ ಫ್ಲ್ಯಾಶ್ ತಂತ್ರಾಂಶ ಬಳಸುತ್ತಿದ್ದ ಕಾಲದಲ್ಲಿ ರಾಬರ್ಟ್ ಪೆನ್ನರ್ ಬರೆದು ಹಂಚಿದ, 2002ರ ಅವರ ಪುಸ್ತಕದಲ್ಲೂ ಬಂದ ಈಸಿಂಗ್ ಸಮೀಕರಣಗಳು, ಅಂದರೆ ವೇಗದ ಏರಿಳಿತದ ಸೂತ್ರಗಳು, ಮುಂದೆ ವೆಬ್ ಪುಟಗಳ ಜಾವಾಸ್ಕ್ರಿಪ್ಟ್ ಭಾಷೆಗೂ ಇಳಿದವು. ಅವುಗಳ ಬುಡ ಸರಳ. ಚಲನೆಯ ಆರಂಭ 0, ಕೊನೆ 1. ಸರಿದ ಕಾಲವನ್ನು ಕೊಟ್ಟರೆ, ಆ ಕ್ಷಣಕ್ಕೆ ಎಷ್ಟು ದೂರ ಸಾಗಿರಬೇಕೆಂದು ಫಂಕ್ಷನ್ ಹೇಳುತ್ತದೆ. ಕಾಲದ ವರ್ಗ ತೆಗೆದರೆ ಅರ್ಧ ಹೊತ್ತಿಗೆ ಕಾಲು ಭಾಗ ದೂರ ಮಾತ್ರ ಕಳೆದಿರುತ್ತದೆ: ಮೆಲ್ಲನೆಯ ಹೊರಡುವಿಕೆ. ಉಳಿದ ಕಾಲದ ಘನವನ್ನು 1ರಿಂದ ಕಳೆದರೆ ಅರ್ಧ ಹೊತ್ತಿಗೇ 0.875 ದೂರ ಮುಗಿದಿರುತ್ತದೆ: ಮೆಲ್ಲನೆಯ ನಿಲುಗಡೆ. ಪೆನ್ನರ್ ಬಳಸಿದ 1.70158 ಎಂಬ ಸಂಖ್ಯೆ ವಸ್ತುವನ್ನು ಗುರಿಯಿಂದ ಶೇ. 10ರಷ್ಟು ಆಚೆ ಹಾಯಿಸಿ ಹಿಂದಕ್ಕೆ ತರುತ್ತದೆ.

ಮುಂದೆ ವೆಬ್ ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯೇ ಬೆಜಿಯೆ ವಕ್ರರೇಖೆಯನ್ನು ತಂದಿತು. ರೆನೋ ಕಾರುಗಳ ಮೈಗೆ ಆಕಾರ ಕೊಡಲು ಪಿಯರ್ ಬೆಜಿಯೆ ಬಳಕೆಗೆ ತಂದ ರೇಖೆ ಅದು. ಆದರೆ ಅಂಥ ಒಂದೇ ರೇಖೆಯಿಂದ ಚೆಂಡು ಮತ್ತೆ ಮತ್ತೆ ಪುಟಿಯುವ ಚಲನೆ ಹೊರಡದು. ಅದಕ್ಕೇ ತಮ್ಮ ಫಂಕ್ಷನ್ ತಾವೇ ಬರೆಯುವ ರೂಢಿ ಜಾವಾಸ್ಕ್ರಿಪ್ಟಿನಲ್ಲಿ ಉಳಿದು ಬಂತು.

2023ರ ಹೊತ್ತಿಗೆ ಪ್ರಮುಖ ಬ್ರೌಸರುಗಳು ಬಿಂದುಗಳ ಪಟ್ಟಿಯನ್ನೇ ಚಲನೆಯಾಗಿ ಒಪ್ಪತೊಡಗಿದವು. ಕುಷ್ಟಗಿಯ ಹುಡುಗಿಯೊಬ್ಬಳು ಮೋರನಾಳದ ಆಟವನ್ನು ಫೋನಿನಲ್ಲಿ ಹಿಡಿದು, ಹನುಮಂತನ ಜಿಗಿತವನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದು, 0ರಿಂದ 1ರ ನಡುವಿನ ಅಂಕಿಗಳಾಗಿ ಬರೆದುಕೊಂಡರೆ ಸಾಕು. ಆ ಮಣಿಕಟ್ಟಿನ ನಡೆ ಅವಳ ವೆಬ್ ಪುಟದಲ್ಲಿ ಓಡುತ್ತದೆ.