ಗಡ್ಡೆಯೊಳಗಿನ ಹಳದಿ ಮೊಳಕೆ

ಟ್ಯುಲಿಪ್ ಗಡ್ಡೆ ನೋಡೋಕೆ ಥೇಟ್ ನಮ್ಮ ಸಣ್ಣ ಈರುಳ್ಳಿ. ಚಳಿಗಾಲಕ್ಕೆ ಮುಂಚೆ ಒಂದನ್ನು ಉದ್ದಕ್ಕೆ ಸೀಳಿದರೆ ನಡುವೆ ಹಳದಿ ಬಣ್ಣದ ಪುಟ್ಟ ಮೊಳಕೆ ಕಾಣುತ್ತೆ. ಎಲೆ, ದಳ, ಕೇಸರ ಎಲ್ಲವೂ ಅದರೊಳಗೆ ಆಗಲೇ ತಯಾರು. ಸುತ್ತಲಿನ ಬಿಳಿ ಪದರಗಳು ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ವಸಂತದಲ್ಲಿ ಅರಳಬೇಕಾದ ಈ ಹೂವನ್ನು ಕೊರೆಯುವ ಜನವರಿಯಲ್ಲೇ ಮನೆಯೊಳಗೆ ಅರಳಿಸೋದಕ್ಕೆ ಇಂಗ್ಲಿಷಿನಲ್ಲಿ ‘ಫೋರ್ಸಿಂಗ್’ ಅಂತಾರೆ. ಬಲವಂತ! ನನಗ್ಯಾಕೋ ಆ ಪದ ಒಗ್ಗಲ್ಲ. ಅಲ್ಲಿ ನಡೆಯೋದು ನಾಜೂಕಾದ ಮೋಸ: ಚಳಿಗಾಲ ಮುಗಿದುಹೋಯ್ತು ಅಂತ ಗಡ್ಡೆಯನ್ನು ನಂಬಿಸೋದು.

18ನೇ ಶತಮಾನದಲ್ಲಿ ಇದು ಯುರೋಪಿನ ಸಿರಿವಂತರ ಶೋಕಿ. ಫ್ರಾನ್ಸಿನ ಅರಸ 15ನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್‌ಗೆ ಹಯಸಿಂತ್ ಹೂವೆಂದರೆ ಪ್ರಾಣ. ಆ ಹೂವಿಗೆಂದೇ ಕತ್ತು ಕಿರಿದಾದ ಗಾಜಿನ ಪಾತ್ರೆಗಳು ಬಂದವು. ಮೇಲೆ ಗಡ್ಡೆ, ಕೆಳಗೆ ನೀರು; ಬೇರು ಇಳಿಯೋದನ್ನು ದಿವಾನಖಾನೆಯಲ್ಲಿ ಕೂತೇ ನೋಡಬಹುದು. ಮೊದಲು ಕೆಲವು ವಾರ ತಣ್ಣಗಿನ ಕತ್ತಲಲ್ಲಿ ಇಡಬೇಕು ಅನ್ನೋದು ತೋಟಗಾರರಿಗೆ ರೂಢಿಯಿಂದ ಗೊತ್ತಿತ್ತು.

ಆ ರೂಢಿಯ ಹಿಂದಿನ ಲೆಕ್ಕ ಹಿಡಿದವರಲ್ಲಿ ಮುಖ್ಯರು ಹಾಲೆಂಡಿನ ವಾಗೆನಿಂಗೆನ್‌ನ ಪ್ರೊಫೆಸರ್ ಬ್ಲಾವ್. 1920ರ ದಶಕದಲ್ಲಿ ಅವರು ಗಡ್ಡೆಗಳನ್ನು ಬೇರೆ ಬೇರೆ ಉಷ್ಣಾಂಶದಲ್ಲಿಟ್ಟು, ಸೀಳಿ, ಒಳಗಿನ ಹೂವು ಹೇಗೆ ಮೂಡುತ್ತೆ ಅಂತ ನೋಡಿದರು. ಬೇಸಿಗೆಯಲ್ಲಿ ಮಣ್ಣಿನಿಂದ ಕಿತ್ತ ಟ್ಯುಲಿಪ್ ಗಡ್ಡೆಯಲ್ಲಿ ಹೂವು ಇನ್ನೂ ಇರಲ್ಲ. ಗೋದಾಮಿನ ಹದವಾದ ಬೆಚ್ಚಗಿನಲ್ಲಿ ಅದು ರೂಪುಗೊಳ್ಳುತ್ತೆ. ಆಮೇಲೆ 12ರಿಂದ 16 ವಾರ ಚಳಿ ಸಿಕ್ಕರೆ ಮಾತ್ರ ಕಾಂಡ ನೀಳವಾಗಿ ಎದ್ದು ಹೂವನ್ನು ಮೇಲೆತ್ತುತ್ತೆ. ಇವತ್ತಿಗೂ ಆ ವ್ಯಾಪಾರದಲ್ಲಿ ‘ಒಂಬತ್ತು ಡಿಗ್ರಿ ಟ್ಯುಲಿಪ್’, ‘ಐದು ಡಿಗ್ರಿ ಟ್ಯುಲಿಪ್’ ಅಂತ ಮಾತಾಡ್ತಾರೆ. ಬೆಂಗಳೂರಿನಲ್ಲಿ ಅಂಥ ಚಳಿ ಎಲ್ಲಿಂದ ತರೋಣ? ನನ್ನ ಆರು ಗಡ್ಡೆಗಳು ಫ್ರಿಜ್ಜಿನ ತರಕಾರಿ ಟ್ರೇನಲ್ಲಿ ಮಲಗಿವೆ. ಪಕ್ಕದಲ್ಲಿ ಸೇಬು ಇಡೋ ಹಾಗಿಲ್ಲ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತೇ ಹೋಗುತ್ತೆ.

ಆ ಮೊಗ್ಗಿನ ವಿಷಯ ಬಂದಾಗಲೆಲ್ಲ ನನಗೆ ನೆನಪಾಗೋದು 1944–45ರ ಹಾಲೆಂಡ್. ಯುದ್ಧದಿಂದ ಹೂವಿನ ವ್ಯಾಪಾರ ಕೆಟ್ಟು ಗಡ್ಡೆಗಳು ಗೋದಾಮಿನಲ್ಲೇ ಉಳಿದಿದ್ದವು. ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ನಾಜಿಗಳ ವಿರುದ್ಧ ಮುಷ್ಕರ ಹೂಡಿದರು. ಸೇಡಿಗೆ ಜರ್ಮನ್ನರು ಪಶ್ಚಿಮದ ನಗರಗಳಿಗೆ ಆಹಾರ ಹೋಗದಂತೆ ತಡೆದರು. ತಡೆ ಸಡಿಲಿಸುವ ವೇಳೆಗೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಫೆಬ್ರವರಿಯ ಹೊತ್ತಿಗೆ ರೇಷನ್ನಿನಲ್ಲಿ ಸಿಗುತ್ತಿದ್ದದ್ದು ತಲೆಗೆ ದಿನಕ್ಕೆ ಸುಮಾರು 600 ಕ್ಯಾಲರಿ. ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತವರು ಸುಮಾರು 20,000.

ಜನ ಟ್ಯುಲಿಪ್ ಗಡ್ಡೆ ತಿಂದರು. ಬೇಯಿಸಿ ಸೂಪ್ ಮಾಡಿದರು, ಒಣಗಿಸಿ ಹಿಟ್ಟು ಬೀಸಿದರು. ಹೇಗೆ ಬೇಯಿಸಬೇಕು ಅಂತ ಸಲಹೆಗಳೂ ಹೊರಟವು: ಸಿಪ್ಪೆ ಸುಲಿಯಿರಿ, ಎರಡು ಹೋಳು ಮಾಡಿ, ನಡುವಿನ ಹಳದಿ ಮೊಳಕೆ ಕಿತ್ತು ಬಿಸಾಕಿ, ಅದು ಹೊಟ್ಟೆಗೆ ಆಗಿಬರಲ್ಲ. ಬುತ್ತಿಯನ್ನು ಉಳಿಸಿಕೊಂಡು ಹೂವನ್ನು ಕಸಕ್ಕೆ ಹಾಕಬೇಕಿತ್ತು.

ಹಾಗೆ ಬದುಕುಳಿದವರಲ್ಲಿ 15 ವರ್ಷದ ಒಬ್ಬ ಹುಡುಗಿಯೂ ಇದ್ದಳು, ಮುಂದೆ ಹಾಲಿವುಡ್ ಸೇರಿದ ಆಡ್ರಿ ಹೆಪ್‌ಬರ್ನ್. 1990ರಲ್ಲಿ ಹಾಲೆಂಡಿನವರು ಒಂದು ಬಿಳಿ ಟ್ಯುಲಿಪ್ ತಳಿಗೆ ಆಕೆಯ ಹೆಸರಿಟ್ಟರು.